ಬಾಲಚುಕ್ಕಿಗೆ ಎತ್ತಿದ ಆರತಿ

ದಾವಣಗೆರೆ
ನಿಮ್ಮ ಪರಾಭವ ಸಂವತ್ಸರ ಕಳೆದು ಮೂರನೆಯ ಪರಾಭವ, ಫಾಲ್ಗುಣ ಮಾಸ, ಎರಡನೇ ಸಂಜೆ

ಶಶಿರೇಖಜ್ಜಿಯವರಿಗೆ,

ಮೊದಲಿಗೇ ಒಂದು ತೊಡಕು. ನಿಮಗೀಗ ಮೂವತ್ತರ ಮೇಲೆ ನಾಲ್ಕೈದು ವರ್ಷ, ನನಗೆ ಐವತ್ತು ದಾಟಿದೆ. ವಯಸ್ಸು ನೋಡಿದರೆ ನಾನು ನಿಮಗೆ ಆಶೀರ್ವಾದ ಮಾಡಬೇಕು, ತಲೆಮಾರು ನೋಡಿದರೆ ನಿಮ್ಮ ಕಾಲಿಗೆ ಬೀಳಬೇಕು. ಎರಡನ್ನೂ ಮಾಡಿದ್ದೇನೆ ಎಂದು ತಿಳಿಯಿರಿ. ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನೀವಿರುವ ವರ್ಷದಿಂದ ಅರವತ್ತರ ಸುತ್ತು ಮೂರು ಸಲ ತಿರುಗಿದರೆ ನಾನು ಸಿಗುತ್ತೇನೆ. ನಿಮ್ಮ ಮಗಳು, ಅವಳ ಮಗಳು ಎಂದು ಬೆರಳು ಮಡಚುತ್ತ ಬನ್ನಿ, ಐದಾರು ಬೆರಳಿನ ಆಚೆ ನಾನು, ನೀಲಾಂಬಿಕೆ. ನನ್ನ ಮಾತುಗಳು ಕೆಲವು ಕಡೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡ ಕಲಿಸುವ ಮೇಷ್ಟ್ರೊಬ್ಬರಿಂದ ತಿದ್ದಿಸಿದ್ದೇನೆ, ಆದರೆ ಅವರಿಗೆ ಗ್ರಾಂಥಿಕದ ಚಟ.

ಈ ಪತ್ರ ಹಿನ್ನಂಚೆಯಲ್ಲಿ ಬರುತ್ತದೆ. ಹಿನ್ನಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಏರ್ಪಾಟು. ಅದರಲ್ಲಿ ಚಿನ್ನದ ಬೆಲೆ ಬರೆಯುವಂತಿಲ್ಲ, ಚುನಾವಣೆಯಲ್ಲಿ ಯಾರು ಗೆದ್ದರೆಂದು ಬರೆಯುವಂತಿಲ್ಲ, ಕ್ರಿಕೆಟ್ಟಿನ ಸುದ್ದಿಯಂತೂ ಎತ್ತುವಂತೆಯೇ ಇಲ್ಲ. ಬಾಲಚುಕ್ಕಿಯ ವಿಚಾರ ಬರೆಯಬಹುದೇ ಎಂದು ಕೇಳಿದೆ. ಹಿನ್ನಂಚೆ ಕಚೇರಿಯ ಹುಡುಗಿ, ಬರೆಯಿರಿ ಎಂದಳು. ನೀವು ನೋಡಿದರೂ ನೋಡದಿದ್ದರೂ ಅದು ಬಂದೇ ಬರುತ್ತದಲ್ಲ, ಅದಕ್ಕೆ.

ನಮ್ಮಲ್ಲಿ ದಿನಕ್ಕೆ ಎರಡು ಸಂಜೆ. ಸೂರ್ಯ ಮುಳುಗುವುದು ಮೊದಲನೆಯದು, ಅದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಗ ಮೇಲ್ಗನ್ನಡಿಗಳು ಬೆಳಗುತ್ತವೆ. ಅವು ಭೂಮಿಯ ಸುತ್ತ ತಿರುಗುವ ತೆಳ್ಳನೆಯ ದೊಡ್ಡ ಹಾಳೆಗಳು. ಆಚೆ ಬದಿಯ ಬಿಸಿಲನ್ನು ಹಿಡಿದು ನಮ್ಮ ಊರಿನ ಮೇಲೆ ಚೆಲ್ಲುತ್ತವೆ. ಊಟದ ಹೊತ್ತು ಕಳೆದ ಮೇಲೆ ಅರ್ಧ ಓರೆಯಾಗುತ್ತವೆ, ಅದು ಎರಡನೇ ಸಂಜೆ. ಅಲ್ಲಿಂದ ಬೆಳಗಿನ ತನಕ ಮೋಡ ಕವಿದ ಮಧ್ಯಾಹ್ನದಂಥ ಒಂದು ಬೆಳಕು. ಇದರಿಂದ ಮೆಕ್ಕೆಜೋಳ ವರ್ಷಕ್ಕೆ ಒಂದು ಬೆಳೆ ಹೆಚ್ಚು ಬರುತ್ತದೆ, ಹೆಣ್ಣುಮಕ್ಕಳು ಯಾವ ಹೊತ್ತಿನಲ್ಲಾದರೂ ಅಂಜದೆ ಓಡಾಡುತ್ತಾರೆ. ಹಾಗಾಗಿ ಬೆಳಕನ್ನು ಬೈಯಲು ಹೊರಟರೆ ಉಂಡ ಮನೆಯ ಜಂತೆ ಎಣಿಸಿದ ಹಾಗಾಗುತ್ತದೆ. ಆದರೂ ಹೇಳುತ್ತೇನೆ. ನಮ್ಮ ಮಲ್ಲಿಗೆಗೆ ಅರಳುವ ಹೊತ್ತು ತಿಳಿಯದೆ ಮೊಗ್ಗಿನಲ್ಲೇ ಕಂದುತ್ತದೆ. ಹುಂಜಗಳು ಮನಸ್ಸಿಗೆ ಬಂದಾಗ ಕೂಗುತ್ತವೆ. ಕಣ್ಣಿನವರೆಗೆ ಇಳಿಯುವ ಕತ್ತಲ ಕುಲಾವಿ ಹಾಕದೆ ಯಾರಿಗೂ ನಿದ್ದೆ ಬಾರದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಿಮ್ಮಲ್ಲಿ ನಗಾಡುವ ಗಾದೆಯಂತೆ, ನಮ್ಮಲ್ಲಿ ಅದು ಮನೆಮನೆಯ ರೂಢಿ. ಮುಸ್ಸಂಜೆ ಹೊಸ್ತಿಲಿಗೆ ದೀಪ ಇಡುವ ಪದ್ಧತಿ ನಮ್ಮ ಅಜ್ಜಿಯರ ಕಾಲಕ್ಕೇ ಬಿದ್ದುಹೋಗಿ, ಹಿತ್ತಾಳೆ ದೀಪಗಳೆಲ್ಲ ಕಪಾಟು ಸೇರಿವೆ. ಚಂದ್ರ ಕಾಣುತ್ತಾನೆ, ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಚುಕ್ಕಿಗಳು ಕಾಣುವುದಿಲ್ಲ.

ನಿಮ್ಮ ಆಕಾಶವೂ ಕೆಟ್ಟುಹೋಗಿದೆ ಎಂದು ನೀವು ಗೊಣಗುತ್ತಿದ್ದ ಸುದ್ದಿ ನಮ್ಮವರೆಗೂ ಬಂದಿದೆ. ಎದುರಿಗೆ ಬೀದಿದೀಪ, ಹಿಂದೆ ಕಲ್ಯಾಣ ಮಂಟಪದ ಝಗಮಗ, ಹೆದ್ದಾರಿ ಕಡೆ ಜಾಹೀರಾತು ಹಲಗೆ. ತಾರಸಿಯ ಮೇಲೆ ನಿಂತರೆ ನಾಲ್ಕು ಚುಕ್ಕಿ ಕಂಡರೆ ಹೆಚ್ಚು ಎನ್ನುತ್ತಿದ್ದಿರಂತೆ. ಅಜ್ಜಿ, ಆ ನಾಲ್ಕು ಚುಕ್ಕಿಯನ್ನು ನೆನೆದು ನಾವು ಹೊಟ್ಟೆಕಿಚ್ಚು ಪಡುತ್ತೇವೆ.

ಮಾಘ ಮಾಸದಲ್ಲಿ ನಿಮ್ಮ ಪಡುವಣದಲ್ಲಿ ಒಂದು ಬಾಲಚುಕ್ಕಿ ಬರುತ್ತದೆ. ನಿಮ್ಮ ಖಗೋಳದವರು ಅದಕ್ಕೆ ಅಕ್ಷರವನ್ನೂ ಅಂಕಿಯನ್ನೂ ಕೂಡಿಸಿ ಒಂದು ಹೆಸರಿಟ್ಟಿರುತ್ತಾರೆ, ನಮ್ಮ ಮನೆಯಲ್ಲಿ ಅದು ಮೂರರವತ್ತಿನ ಚುಕ್ಕಿ, ಮೂರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವಂಥದ್ದು. ಬೋರ್‌ವೆಲ್ಲಿನ ಪೈಪಿಗೆ ಕನ್ನಡಿ ಕೂರಿಸಿ ನೀವೇ ಮಾಡಿಕೊಂಡ ಟೆಲಿಸ್ಕೋಪಿನಲ್ಲಿ ಅದನ್ನು ದಿನಾ ಹುಡುಕುತ್ತೀರಿ, ಬೀದಿದೀಪದ ಕಾಟಕ್ಕೆ ಏನೂ ಕಾಣುವುದಿಲ್ಲ. ಕೊನೆಗೆ ಮಂಡಕ್ಕಿ ಭಟ್ಟಿಯಿಂದ ಒಂದು ಖಾಲಿ ಚೀಲ ತಂದು, ಗಳುವಿನ ತುದಿಗೆ ಸಿಕ್ಕಿಸಿ ಆ ದೀಪಕ್ಕೆ ಮುಸುಕು ಹಾಕುತ್ತೀರಿ. ಚೀಲದ ಉಪಾಯ ನಿಮಗಿನ್ನೂ ಹೊಳೆದಿರಲಿಕ್ಕಿಲ್ಲ. ನಾನು ಈಗ ಹೇಳಿದ್ದರಿಂದಲೇ ಹೊಳೆಯಿತೋ ಏನೋ, ಅದನ್ನು ಯೋಚಿಸಿದರೆ ನನಗೆ ತಲೆ ತಿರುಗುತ್ತದೆ. ಬೀದಿಯವರು ಜಗಳಕ್ಕೆ ಬರುತ್ತಾರೆ. ‘ಬಾಲಚುಕ್ಕಿ ಕಂಡ್ರೆ ರಾಜಂಗೆ ಕೇಡು ಅಂತಾರೆ, ಬ್ಯಾಡ ಕಣವ್ವ’ ಎಂದು ಒಬ್ಬಾಕೆ ಅಂದರೆ, ‘ನಮಗೆ ರಾಜ ಎಲ್ಲವ್ನೆ, ಬಂದು ನೋಡು ಬಾರಕ್ಕ’ ಎಂದು ನೀವು ಕೈಹಿಡಿದು ಎಳೆಯುತ್ತೀರಿ. ಬೈಯಲು ಬಂದ ಲೈನ್‌ಮನ್ ಕೂಡ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ ಹೋಗುತ್ತಾನೆ. ಈ ಕತೆ ಬಾಯಿಂದ ಬಾಯಿಗೆ ದಾಟಿ ನಮ್ಮ ಅವ್ವನಿಗೆ ಬಂತು.

ಅವ್ವನ ಹೆಸರು ಕೊಟ್ರವ್ವ. ನಿಮ್ಮ ಕತೆಯನ್ನು ಅವಳಿಗೆ ಅವಳ ಅಜ್ಜಿ ಹೇಳಿದಾಗ ಅವಳು ಲಂಗ ತೊಡುವ ಹುಡುಗಿ. ಆ ಚುಕ್ಕಿ ತಿರುಗಿ ಬರುವ ಹೊತ್ತಿಗೆ ತನಗೆ ಎಂಬತ್ತು ಮೀರಿರುತ್ತದೆ ಎಂದು ಅಂದೇ ಲೆಕ್ಕ ಹಾಕಿದಳಂತೆ. ಅಲ್ಲಿಂದ ಮುಂದೆ ಬದುಕಿದ್ದೇ ಅದಕ್ಕೆ ಅಂದರೆ ನಮ್ಮಪ್ಪನಿಗೆ ಬೇಜಾರಾದೀತು, ಆದರೆ ಸುಳ್ಳಲ್ಲ. ಎರಡು ಸಲ ಆಸ್ಪತ್ರೆಯಿಂದ ಎದ್ದು ಬಂದಳು. ‘ಅದನ್ನ ನೋಡೋ ತನಕ ನಾನು ಹೋಗಾಕಿ ಅಲ್ಲ’ ಎಂದು ವೈದ್ಯರಿಗೇ ಹೇಳಿದಳು. ಕೈಯಿಂದ ಕೈಗೆ ದಾಟಿ ನಮ್ಮ ಮನೆಗೆ ಬಂದ ನಿಮ್ಮ ಟೆಲಿಸ್ಕೋಪಿನ ಕನ್ನಡಿಗೆ ಮೂರು ಸಲ ಹೊಸ ಬೆಳ್ಳಿ ಹಚ್ಚಿಸಿದಳು. ಅಷ್ಟರಲ್ಲಿ ಅವಳ ಕಣ್ಣೇ ಮಂಜಾಗುತ್ತ ಬಂತು. ನಮ್ಮಲ್ಲಿ ಜೀವಗಾಜು ಎಂಬುದಿದೆ, ಕಣ್ಣು ತೆಗೆದು ಅದನ್ನಿಟ್ಟರೆ ಹದ್ದಿನ ಹಾಗೆ ಕಾಣುತ್ತದೆ. ಅವ್ವ ಒಪ್ಪಲಿಲ್ಲ. ‘ಯಂತ್ರ ನೋಡಿದ್ದನ್ನ ನಾನು ನೋಡ್ದೆ ಅನ್ನಾಕಾಗ್ತದೇನೇ?’ ಎಂದಳು. ಇರುವ ಕಣ್ಣಿನಲ್ಲೇ, ಇರುವ ಬೆಳಕಿನಲ್ಲೇ ನೋಡಬೇಕು ಎಂಬುದು ಅವಳ ಹಟ, ಆ ಹಟ ನಿಮ್ಮಿಂದಲೇ ಬಂದಿರಬೇಕು.

ಕತ್ತಲು ಬೇಕೆಂದರೆ ಬೆಳಕು ಮಂಡಳಿಗೆ ಅರ್ಜಿ ಹಾಕಬೇಕು. ಅವರು ಒಪ್ಪಿದರೆ ದೀಪವಿರಾಮ ಸಿಗುತ್ತದೆ. ಅಷ್ಟು ಹೊತ್ತು ಮೇಲ್ಗನ್ನಡಿಗಳು ಊರಿನಿಂದ ಮುಖ ತಿರುಗಿಸುತ್ತವೆ, ವಿದ್ಯುತ್ತೂ ನಿಲ್ಲುತ್ತದೆ. ನಮ್ಮೂರಿಗೆ ಅದು ಹಿಂದೆಂದೂ ಸಿಕ್ಕಿರಲಿಲ್ಲ. ಚುಕ್ಕಿ ನೋಡುವ ಹಂಬಲದವರು ಸೇರಿ ಕಟ್ಟಿಕೊಂಡ ನಮ್ಮ ಸಣ್ಣ ಚುಕ್ಕಿಕೂಟದವರು ಕೈಮುಗಿಯುತ್ತ ಮನೆಮನೆ ತಿರುಗಿದೆವು. ಜನ ನಮ್ಮನ್ನು ಓಡಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಅವ್ವ ಜಗುಲಿಯಲ್ಲಿ ಕೂತು ನಿಮ್ಮ ಕತೆಯನ್ನು ಎಷ್ಟು ಸಲ ಹೇಳಿದಳೋ, ಅದು ಊರಿನ ಕತೆಯೇ ಆಗಿಬಿಟ್ಟಿತು. ಮಂಡಕ್ಕಿ ಭಟ್ಟಿಯವರು ಒಲೆ ಆರಿಸಲು ಒಪ್ಪಿದರು, ದೋಸೆ ಅಂಗಡಿಯವರು ಕಾವಲಿ ಇಳಿಸಲು ಒಪ್ಪಿದರು. ಮೂರರವತ್ತು ವರ್ಷಕ್ಕೆ ಬರುವ ನೆಂಟ, ನಮ್ಮೂರ ಹೆಣ್ಣುಮಗಳು ಕಂಡಿದ್ದವನು, ಎಂದು ಎಲ್ಲರೂ ಹಿಗ್ಗಿದರು. ಆ ಮಾತು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು.

ಆ ಸಂಜೆ ಬಂತು. ಮಧ್ಯಾಹ್ನದಿಂದಲೇ ಅವ್ವ ಜೋಳದ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಕೂತಿದ್ದಳು, ಕಣ್ಣು ಕತ್ತಲಿಗೆ ಹದವಾಗಲಿ ಎಂದು. ನಾನೂ ನನ್ನ ತಮ್ಮನೂ ಅವಳ ತಲೆಗೆ ಕರಿ ಕಂಬಳಿ ಹೊದಿಸಿ ಕುರ್ಚಿ ಸಮೇತ ತಾರಸಿಗೆ ಹೊತ್ತೆವು. ಸೂರ್ಯ ಮುಳುಗಿದ. ಕನ್ನಡಿಗಳು ಮುಖ ತಿರುಗಿಸಿದವು. ಬೀದಿಯಲ್ಲಿ ಮಕ್ಕಳು ಕಿರುಚಿಕೊಂಡವು, ದೊಡ್ಡವರು ಗೋಡೆ ಹಿಡಿದು ನಿಂತು ನಕ್ಕರು. ಅಜ್ಜಿ, ಕತ್ತಲಿಗೆ ಒಂದು ತಂಪು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಚುಕ್ಕಿ ಕಂಡಿತು, ಆಮೇಲೆ ಅದರ ಪಕ್ಕ ಇನ್ನೊಂದು, ಆಮೇಲೆ ನಾನು ನೋಡುವುದನ್ನು ಬಿಟ್ಟು ಟೆಲಿಸ್ಕೋಪಿಗೆ ಬಗ್ಗಿದೆ. ನೀವು ಹೇಳಿದ ಎರಡು ಉಪಾಯ ನಮ್ಮ ಮನೆಯಲ್ಲಿ ಇನ್ನೂ ಉಳಿದಿವೆ. ಮಬ್ಬಾದದ್ದನ್ನು ನೇರ ನೋಡಬೇಡ, ಓರೆಗಣ್ಣಲ್ಲಿ ನೋಡು. ಸಿಗದಿದ್ದರೆ ಕೊಳವೆಯನ್ನು ಮೆಲ್ಲಗೆ ತಟ್ಟು, ಅಲುಗಿದ್ದು ಕಣ್ಣಿಗೆ ಬೀಳುತ್ತದೆ. ತಟ್ಟಿದೆ. ಅಲುಗಿತು. ಸಿಕ್ಕಿತು. ‘ಅವ್ವ, ಬಾ’ ಎಂದು ಪಕ್ಕಕ್ಕೆ ಸರಿದು ಕಂಬಳಿ ತೆಗೆದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ದ್ಯಾಮಕ್ಕ ಮೆಟ್ಟಿಲು ಹತ್ತಿ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡೆಳೆ ಬತ್ತಿಯ ದೀಪ, ಧಗಧಗ ಉರಿಯುವ ಕರ್ಪೂರ. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ದೀಪ. ಅಯ್ಯೋ ಆರಿಸಿ, ಆರಿಸಿ ಎಂದು ನಾನು ಕೂಗಿದೆ. ದ್ಯಾಮಕ್ಕ ನನ್ನನ್ನು ನೋಡಿದ ನೋಟ ಮರೆಯಲಾರೆ. ‘ಏನೇ ನೀಲಾ, ಅಷ್ಟು ದೂರದಿಂದ ಬಂದೋನ್ನ ಕತ್ತಲಾಗೆ ನಿಲ್ಲಿಸ್ತಾರೇನೇ?’ ಎಂದಳು. ಕೆಳಗೆ ನೋಡಿದೆ. ಹೊಸ್ತಿಲು ಹೊಸ್ತಿಲಿಗೂ ದೀಪ, ತಾರಸಿ ತಾರಸಿಯಲ್ಲೂ ಆರತಿ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನೂರು ವರ್ಷ ಕಪಾಟಿನಲ್ಲಿದ್ದ ದೀಪಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ಬಂದ ಅತಿಥಿಗೆ ಊರಿಗೆ ಊರೇ ದೀಪ ಹಚ್ಚಿತ್ತು. ಏನೇನು ಆರಿಸಬೇಕೆಂದು ನಾವು ಹಂಚಿದ ಪ್ರಕಟಣೆಯಲ್ಲಿ ಎಣ್ಣೆದೀಪದ ಮಾತೇ ಇರಲಿಲ್ಲ, ಅಂಥದ್ದು ಇನ್ನೂ ಯಾರಲ್ಲಿದೆ ಎಂದುಕೊಂಡಿದ್ದೆವು. ದ್ಯಾಮಕ್ಕ ಟೆಲಿಸ್ಕೋಪಿಗೆ ಕುಂಕುಮ ಇಟ್ಟಳು, ಮೂರು ಸುತ್ತು ಆರತಿ ಎತ್ತಿದಳು, ಆಮೇಲೆ ಅವ್ವನ ಮುಖಕ್ಕೂ ಎತ್ತಿದಳು. ಆ ನೂಕುನುಗ್ಗಲಿನಲ್ಲಿ ಕೊಳವೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆ ತಿರುಗಿತ್ತು.

ಮಧ್ಯಾಹ್ನದಿಂದ ಹದಮಾಡಿಕೊಂಡ ಆ ಕಣ್ಣಿಗೆ ಕರ್ಪೂರದ ಉರಿ ನೇರ ಬಿದ್ದಿತ್ತು. ಅವ್ವ ಎರಡು ಸಲ ರೆಪ್ಪೆ ಬಡಿದಳು. ಆಮೇಲೆ ಕೊಳವೆಗೆ ಬಗ್ಗಿ ಸುಮಾರು ಹೊತ್ತು ನೋಡಿದಳು. ಅವ್ವ ತಲೆಯೆತ್ತಿ, ‘ಕಂಡ ಕಣೇ ದ್ಯಾಮಿ, ನಿನ್ನ ಆರತಿ ಮುಟ್ಟಿತು’ ಎಂದಳು. ಹೆಂಗಸರು ಸೋಬಾನೆ ಹಾಡಿದರು. ದ್ಯಾಮಕ್ಕ ಅತ್ತಳು. ನಾನೂ ಅತ್ತೆ, ಬೇರೆ ಕಾರಣಕ್ಕೆ. ಆ ದೀಪಗಳನ್ನೆಲ್ಲ ಆರಿಸಿ ಕಣ್ಣು ಮತ್ತೆ ಹದಕ್ಕೆ ಬರುವಷ್ಟರಲ್ಲಿ ಬಾಲಚುಕ್ಕಿ ಮುಳುಗಿತು, ಕನ್ನಡಿಗಳು ತಿರುಗಿದವು. ಮಂಡಳಿಯವರು ಇನ್ನೊಂದು ವಿರಾಮ ಕೊಡಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ. ಪ್ರೀತಿಯಿಂದ ಹಚ್ಚಿದ ದೀಪವನ್ನು ಬೈಯುವುದಾದರೂ ಹೇಗೆ? ಆದರೂ ಸಿಟ್ಟಿದೆ. ಅವ್ವ ಮಾತ್ರ ಬೀದಿಯಲ್ಲಿ ಕೇಳಿದವರಿಗೆಲ್ಲ ಕಂಡೆ ಎನ್ನುತ್ತಾಳೆ. ಎಲ್ಲರೂ ಹೋದ ಮೇಲೆ, ನಾವಿಬ್ಬರೇ ಇರುವಾಗ, ನನ್ನ ಕೈ ಹಿಡಿದು ಕೇಳುತ್ತಾಳೆ, ‘ಹೆಂಗಿತ್ತೇ ಅದು?’ ದಿನಾ ಕೇಳುತ್ತಾಳೆ. ನಾನು ಕಂಡದ್ದು ಒಂದು ಉಸಿರಿನಷ್ಟು ಹೊತ್ತು. ಹಿಂಜಿದ ಹತ್ತಿಯ ಹಾಗೆ ಎನ್ನುತ್ತೇನೆ. ‘ಆಮೇಲೆ?’ ಎನ್ನುತ್ತಾಳೆ. ಆಮೇಲೆ ನನ್ನ ಹತ್ತಿರ ಏನೂ ಇಲ್ಲ. ಬಣ್ಣ ಇತ್ತೇ, ಬಾಲ ಯಾವ ಕಡೆಗೆ ಬಾಗಿತ್ತು, ನಡುವೆ ಬೊಟ್ಟಿನಂಥದ್ದು ಇತ್ತೇ ಎಂದು ಒಂದೊಂದಾಗಿ ಕೇಳುತ್ತಾಳೆ. ಸುಳ್ಳು ಹೇಳಲು ಹೋದೆ, ಎರಡನೇ ಮಾತಿಗೇ ಹಿಡಿದುಬಿಟ್ಟಳು. ಅವಳ ಕಣ್ಣು ಈಗ ಪೂರ್ತಿ ಹೋಗಿದೆ.

ಆಗ ನನಗೆ ನಿಮ್ಮ ಕತೆ ನೆನಪಾಯಿತು. ಅದರಲ್ಲಿ ಚೀಲವಿದೆ, ಗಳುವಿದೆ, ಲೈನ್‌ಮನ್ನನ ಬೈಗುಳವಿದೆ, ಸೊಳ್ಳೆ ಕಡಿದದ್ದೂ ಇದೆ. ಬಾಲಚುಕ್ಕಿ ಮಾತ್ರ ಇಲ್ಲ. ‘ಆಮೇಲೆ ಕಂಡಿತು’ ಎಂಬಲ್ಲಿಗೆ ಕತೆ ಮುಗಿದುಹೋಗುತ್ತದೆ. ಹೇಳಿದವರಿಗೆಲ್ಲ ಜಗಳವೇ ರುಚಿಯಾಗಿತ್ತೋ, ನೀವೇ ಹೇಳಲಿಲ್ಲವೋ ಗೊತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ಅದು ಬಂದಾಗ ಬೇಗ ಸರಿಯಬೇಡಿ. ಸರದಿಯಲ್ಲಿ ನಿಂತವರು ಬೈದರೂ ಬೈಯಲಿ, ಇನ್ನಷ್ಟು ಹೊತ್ತು ನೋಡಿ. ಆಮೇಲೆ ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಹೇಗಿತ್ತು ಎಂದು ಹೇಳಿ. ಚೆನ್ನಾಗಿತ್ತು ಎಂದು ಹೇಳಿ ಬಿಡಬೇಡಿ, ಹೇಗೆ ಚೆನ್ನಾಗಿತ್ತು ಎಂದು ಹೇಳಿ. ಅವಳು ಬೇಜಾರುಪಟ್ಟು ಎದ್ದರೆ ಮತ್ತೆ ಕೂರಿಸಿ ಹೇಳಿ, ಅವಳ ಬಾಯಿಂದ ತಿರುಗಿ ಹೇಳಿಸಿ. ಅವಳು ತನ್ನ ಮಗಳಿಗೆ ಹೇಳಲಿ. ಹಾಗೆ ದಾಟುತ್ತ ದಾಟುತ್ತ ಅದು ಒಂದು ದಿನ ಲಂಗ ತೊಟ್ಟ ಕೊಟ್ರವ್ವನ ಕಿವಿಗೆ ಬೀಳುತ್ತದೆ. ಹಿನ್ನಂಚೆಯಿಂದ ಇದುವರೆಗೆ ಏನೂ ಬದಲಾದದ್ದಿಲ್ಲ ಎಂದು ಅಲ್ಲಿಯ ಹುಡುಗಿ ಹೇಳಿದಳು. ಬದಲಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತೇ?

ಇದನ್ನು ಅಂಚೆಗೆ ಹಾಕಿ ಬಂದು ಅವ್ವನ ಹಾಸಿಗೆಯ ಪಕ್ಕ ಕೂರುತ್ತೇನೆ. ಅವಳು ದಿನದ ಹಾಗೆ ನನ್ನ ಕೈ ಹುಡುಕಿ ಹಿಡಿಯುತ್ತಾಳೆ, ಬಾಯಿ ತೆರೆಯುತ್ತಾಳೆ. ಇವತ್ತು ಅವಳು ಕೇಳದಿರಲಿ ಅಜ್ಜಿ, ಅದು ಹೆಂಗಿತ್ತು ಅಂತ ಅವಳೇ ನನಗೆ ಹೇಳಲಿ.

ನಿಮ್ಮ ಬಳ್ಳಿಯ ಕುಡಿ,
ನೀಲಾಂಬಿಕೆ