ಟಾಕಿಯ ಉಪವಾಸ

ಶಹಾಪುರ
೧೪ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ಅತ್ತೀ,

ನಿಮ್ಮ ಸೊಸೆ ಬಸವೇಶ್ವರಿಯ ಶರಣು. ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಹೇಳಿ. ಸುರಪುರದಲ್ಲಿ ಅರ್ಧ ಲೀಟರ್ ಹಾಲು ತರಬೇಕೆಂದರೂ ಒಂದು ಏರು ಹತ್ತಬೇಕು. ನೀವೋ, ಹಾಲಿನವನು ಮನೆಗೆ ಬಂದು ಕೊಡುತ್ತೇನೆಂದರೂ ಎಮ್ಮೆಯ ಮುಖ ನೋಡಿಯೇ ತರುವವರು. ಬಾಣಂತಿ ಸೌಭಾಗ್ಯ ಹೇಗಿದ್ದಾಳೆ? ಅಂಟಿನ ಉಂಡಿ ತಿನ್ನುತ್ತಿದ್ದಾಳೋ, ಅತ್ತೆಯ ಮನೆಯೆಂದು ನಾಚಿಕೊಂಡು ಡಬ್ಬಿಯಲ್ಲೇ ಇಟ್ಟಿದ್ದಾಳೋ? ಕೂಸು ಯಾರ ಹಾಗಿದೆ ಎಂದು ಫೋನಿನಲ್ಲಿ ಕೇಳಿದರೆ "ಕೂಸಿನಂಗ ಅದ" ಎಂದು ಇಟ್ಟುಬಿಟ್ಟಿರಿ. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅದರಿಂದಲೇ ತಿಳಿಯಿತು. ಸೊಸೆಯಾಗುವ ಮೊದಲು ನಾನು ನಿಮ್ಮ ಅಣ್ಣನ ಮಗಳು. ಆ ಲೆಕ್ಕದಲ್ಲಾದರೂ ಅರ್ಧ ಸಿಟ್ಟು ಬಿಡಬಹುದಿತ್ತು.

ಇರಲಿ, ಈಗ ಸುದ್ದಿ. ಅತ್ತೀ, ನಾನು ಗೆದ್ದೆ! ನಿನ್ನೆ ನಮ್ಮ ಖಾನಾವಳಿಯ ದೊಡ್ಡ ಡಬರಿಯ ತುಂಬ ಬೇಳೆ, ನನ್ನ ಗೋಬರ್ ಗ್ಯಾಸ್ ಟಾಕಿಯ ಉರಿಯ ಮೇಲೆ, ಸಿಲಿಂಡರಿನ ಒಂದು ಉಸಿರೂ ಇಲ್ಲದೆ, ಕೊತಕೊತ ಕುದಿಯಿತು. ಹೋಗುವ ದಿನ ನೀವು ಅಂಗಳದಲ್ಲಿ ನಿಂತು, ಗಲ್ಲಿಯೆಲ್ಲ ಕೇಳುವಂತೆ ಹೇಳಿದ ಮಾತು ನೆನಪಿದೆಯಲ್ಲ? "ಬಾಣಂತೀನ್ನ ಈ ಗಬ್ಬಿನ್ಯಾಗ ಕರ್ಕೊಂಡ್ ಬರಂಗಿಲ್ಲ. ನಿನ್ನ ಗ್ಯಾಸಿನ ಮ್ಯಾಗ ಒಂದ್ ಡಬರಿ ಬ್ಯಾಳಿ ಕುದ್ದು, ಈ ವಾಸನಿ ಹೋದ ದಿನ ಕಾಗದಾ ಬರಿ. ಫೋನಿನ್ಯಾಗ ಯಾರ ಬೇಕಾದ್ರೂ ಸುಳ್ಳ ಹೇಳತಾರ, ಕಾಗದಕ್ಕ ಸಹಿ ಇರ್ತದ. ಅವತ್ತ ಸೌಭಾಗ್ಯನ್ನೂ ಕೂಸನ್ನೂ ತೌರಿಗಿ ತರ್ತೀನಿ." ಅದಕ್ಕೇ ಈ ಕಾಗದ. ಮಗಳ ಬಾಣಂತನವನ್ನು ತವರಿನಲ್ಲಿ ಮಾಡದೆ, ತಾಯಿಯೇ ಗಂಟು ಕಟ್ಟಿಕೊಂಡು ಬೀಗರ ಮನೆಗೆ ಹೋದಳಲ್ಲ ಎಂದು ಇಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ. ಅವರು ಆಡಿಕೊಳ್ಳುವುದು ನಿಮ್ಮನ್ನಲ್ಲ, ನನ್ನ ಟಾಕಿಯನ್ನು. ಟಾಕಿಗೆ ಕಿವಿಯಿಲ್ಲ. ಇರುವವಳು ನಾನು.

ಆದರೆ ಗೆದ್ದವಳ ಕಾಗದ ಇಷ್ಟು ಗೊಂದಲದಲ್ಲಿ ಇರಬಾರದು ಎಂದು ನನಗೇ ಅನ್ನಿಸುತ್ತಿದೆ. ಬೇಳೆ ಕುದ್ದದ್ದು ಖರೆ. ಯಾಕೆ ಕುದಿಯಿತು ಎನ್ನುವುದೇ ತಿಳಿಯುತ್ತಿಲ್ಲ. ಅರ್ಥಶಾಸ್ತ್ರ ಓದಿದವಳಿಗೆ ಇಂಥ ಅನರ್ಥ ಬರಬಾರದಿತ್ತು. ನೀವಿದ್ದಾಗ ಅದೇ ಟಾಕಿ, ಅದೇ ಸಗಣಿ ನೀರು, ಅದೇ ಪೈಪು, ಅದೇ ನಾನು. ಯಾದಗಿರಿಯಿಂದ ಬಂದು ಟಾಕಿ ಕೂಡಿಸಿದ ಸುನೀಲಕುಮಾರ ಹೇಳಿದಂತೆ, ಮೊದಲು ಸಗಣಿ ಕದಡಿ ಹಾಕಿ ವಾರಗಟ್ಟಲೆ ಕಾದೆವು. ಆಮೇಲೆ ಮಿಕ್ಕ ಅನ್ನ, ರೊಟ್ಟಿ, ಪಲ್ಯ ಅರೆದು ನೀರು ಕೂಡಿಸಿ ಹಾಕಿ ಎಂದ. ಆದರೆ ಮಿಗಬೇಕಲ್ಲ! ನೀವು ಗಿರಾಕಿಗಳು ಉಂಡ ತಾಟು ಇಡುವ ಕಲ್ಲಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂಡುತ್ತಿದ್ದಿರಿ. ಯಾರಾದರೂ ಒಂದು ತುತ್ತು ಬಿಟ್ಟು ಎದ್ದರೆ "ಯಾಕ ತಮ್ಮಾ, ಇದನ್ನ ಯಾರಿಗಿ ಇಟ್ಟಿ, ನಿಮ್ಮ ಮಾವಗೇನ? ಜ್ವಾಳಾ ಬೆಳದಾಂವ ಬಂದು ಕೇಳಿದ್ರ ಏನ್ ಹೇಳಲಿ?" ಎನ್ನುತ್ತಿದ್ದಿರಿ. ದೊಡ್ಡ ದೊಡ್ಡ ಮೀಸೆಯವರೂ ಮತ್ತೆ ಕೂತು ತಾಟು ಬಳಿದು ಏಳುತ್ತಿದ್ದರು. ನಮ್ಮ ಮಾವನವರಂತೂ ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ಮನುಷ್ಯ, ಪ್ರಸಾದ ಚೆಲ್ಲಬಾರದೆಂದು. ಇಂಥ ಮನೆಗೆ ಎಂಜಲು ತಿನ್ನುವ ಟಾಕಿ ತಂದ ಶಾಣ್ಯಾಕಿ ಯಾರೆಂದು ನೀವು ಕೇಳಿದ್ದು ನ್ಯಾಯವೇ. ಅಂದು ಟಾಕಿಯ ಒಲೆಯ ರಿಂಗಿನ ಮೇಲೆ ಚಹಾ ಕೂಡ ಕುದಿಯಲಿಲ್ಲ. "ನನ್ನ ಕೈಯಾಗ ಉಂಡವ್ರು ತಾಟಿನ್ಯಾಗ ಬಿಡಂಗಿಲ್ಲ. ನಿನ್ನ ಟಾಕಿಗಿ ಉಪವಾಸನ ಗತಿ" ಎಂದಿರಿ. ಆ ಹೊತ್ತಿಗೆ ಉರಿ ಎದ್ದಿದ್ದು ನನ್ನ ಹೊಟ್ಟೆಯಲ್ಲಿ ಮಾತ್ರ.

ನೀವು ಹೋದ ಮೇಲೆ ನೋಡಿ, ಟಾಕಿಗೆ ಏನಾಯಿತೋ! ಮೇಲಿನ ಗುಮ್ಮಟ ದಿನ ತುಂಬಿದ ಬಸುರಿಯ ಹಾಗೆ ಉಬ್ಬಿ ನಿಂತಿತು. ಉರಿ ನೀಲಿಯಾಗಿ, ಗುಂಡಗೆ, ಸದ್ದು ಮಾಡುತ್ತ ಬಂತು. ವಾಸನೆಯೂ ಇಲ್ಲ. ಹೊರಗೆ ಬರುವ ಕದಡಿದ ಗೊಬ್ಬರವನ್ನು ನಿಮ್ಮ ಕರಿಬೇವಿಗೆ ಹಾಕುತ್ತಿದ್ದೇನೆ, ಅದು ನನ್ನ ಹೆಗಲಿಗೆ ಬಂದಿದೆ. ಸುನೀಲಕುಮಾರನಿಗೆ ಫೋನು ಮಾಡಿ ಕಾರಣ ಕೇಳಿದೆ. "ವಾತಾವರಣ ರೀ ಮೇಡಂ" ಎಂದ. ನಾನು ಓದಿದ ಪ್ರಕಾರ ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗಬೇಕು. ಹಾಗೆಂದು ಹೇಳಿದರೆ "ಹೌದ್ರೀ, ಅದೂ ವಾತಾವರಣನ" ಎಂದ. ಅವನ ತಲೆಯಲ್ಲೂ ಒಂದು ಗುಮ್ಮಟ ಇದೆ, ಅದರೊಳಗೆ ಇರುವುದೂ ಅದೇ. "ಇಂಥಾ ಉರಿ ನಾ ಎಲ್ಲೂ ನೋಡಿಲ್ರೀ. ಬರೂ ಗುರುವಾರ ಯಾದಗಿರಿ ಹೋಟೆಲ್‌ನವ್ರನ್ನ ಕರ್ಕೊಂಡ್ ಬರ್ತೀನಿ, ತೋರಸ್ರಿ" ಎಂದು ಬೇರೆ ಹೇಳಿದ್ದಾನೆ. ಏನೆಂದು ತೋರಿಸಲಿ?

ಇನ್ನೊಂದು ವಿಚಿತ್ರ. ನಿಮ್ಮ ಡಬ್ಬಿಯ ತಳದಲ್ಲಿ ನೀವೇ ಕುಟ್ಟಿದ ಶೇಂಗಾ ಹಿಂಡಿಯ ಚಟ್ನಿಪುಡಿ ಉಳಿದಿತ್ತು. ಹೋದ ಸೋಮವಾರ ಅದನ್ನೇ ಬಡಿಸಿದೆ. ಮರುದಿನ ಉರಿ ಹಣತೆಯ ಕುಡಿಯಷ್ಟೇ! ಹಿಂಡಿಯ ಬೆಳ್ಳುಳ್ಳಿ ಟಾಕಿಗೆ ಆಗುವುದಿಲ್ಲವೋ, ಖಾರ ಹೆಚ್ಚಾಯಿತೋ ಎಂದುಕೊಂಡೆ. ಆದರೆ ಅತ್ತೀ, ಹಿಂಡಿಯ ಒಂದು ಕಾಳೂ ಟಾಕಿಗೆ ಹೋಗಿರಲಿಲ್ಲ. ಅಂದು ತಾಟುಗಳು ತೊಳೆದಿಟ್ಟ ಹಾಗೆಯೇ ಬಂದಿದ್ದವು. ಒಳಗೆ ಹೋಗದ ಹಿಂಡಿ ಟಾಕಿಯನ್ನು ಕೆಡಿಸಿದ್ದು ಹೇಗೆ? ಸುರಪುರದಿಂದಲೇ ಏನಾದರೂ ಮಂತ್ರ ಹಾಕಿದಿರಾ?

ಮತ್ತೆ ನಮ್ಮ ಗಿರಾಕಿಗಳ ಆರೋಗ್ಯ. ಊರಿಗೆ ಏನೋ ಬೇನೆ ಬಂದಿದೆ, ಸೌಭಾಗ್ಯನಿಗೂ ಹೇಳಿ, ಕೂಸನ್ನು ಹುಷಾರಾಗಿ ನೋಡಿಕೊಳ್ಳಲಿ. ಟಂಟಂ ಓಡಿಸುವ ರಾಜಾಸಾಬರು ನಿಮಗೆ ಗೊತ್ತಲ್ಲ, ಐದನೆಯ ರೊಟ್ಟಿಗೆ ಹಸಿವು ಶುರುವಾಗುವ ಮನುಷ್ಯ. ಈಗ ಒಂದು ರೊಟ್ಟಿ ಮುರಿದು, ಅರ್ಧ ಬಿಟ್ಟು "ಬಸ್ ಬೇಟಿ, ಪೇಟ್ ಫುಲ್ ಆಗ್ಯಾದ" ಎನ್ನುತ್ತಾರೆ. ಹೊಲಿಗೆ ಅಂಗಡಿಯ ಗಯಾಸ "ಡಾಕ್ಟರ್ ರೊಟ್ಟಿ ಬ್ಯಾಡ ಅಂದಾನ್ರೀ ಅಕ್ಕಾ" ಎಂದ. ಪಾಪ ಎಂದುಕೊಂಡು ಹೊರಗೆ ಬಂದರೆ, ಎದುರಿನ ಬಂಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದ. ನನ್ನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಮಿರ್ಚಿಯ ಖಾರವೋ, ಮನುಷ್ಯನ ನಾಚಿಕೆಯೋ, ತಿಳಿಯಲಿಲ್ಲ. ರೊಟ್ಟಿ ಬೇಡವೆಂದು ಮಿರ್ಚಿ ಬರೆದುಕೊಡುವ ಡಾಕ್ಟರು ಶಹಾಪುರದಲ್ಲಿ ಯಾರು? ನೀವಿದ್ದರೆ ಅವನ ಕಿವಿ ಹಿಡಿದು ಕೇಳುತ್ತಿದ್ದಿರಿ. ನಾನು ಕೇಳಲಿಲ್ಲ. ಬಿಟ್ಟದ್ದೆಲ್ಲ ಟಾಕಿಗೆ ತಾನೇ ಎಂದು ಒಳಗೊಳಗೇ ಖುಷಿಯಿಂದ ತಾಟು ಎತ್ತಿದೆ. ತಾಟು ಎಣಿಸುವ ತಾಟಗಿತ್ತಿ ಎಂದು ನೀವು ಬೈದಿದ್ದು ಸುಮ್ಮನೆ ಅಲ್ಲ.

ಅಡುಗೆ ಚೆನ್ನಾಗಿಯೇ ಆಗುತ್ತಿದೆ. ನಿಮ್ಮ ಮಗನನ್ನು ದಿನಾ ಕೇಳುತ್ತೇನೆ, ದಿನಾ "ಚಲೋ ಆಗ್ಯಾದ" ಎನ್ನುತ್ತಾರೆ, ತಲೆ ಮಾತ್ರ ಎತ್ತುವುದಿಲ್ಲ. ನಾನು ಉಣ್ಣುವುದು ಎಲ್ಲರದೂ ಆದ ಮೇಲೆ. ಆ ಹೊತ್ತಿನ ಹಸಿವಿಗೆ ರೊಟ್ಟಿಯ ಜೊತೆ ಹಂಚು ಕೊಟ್ಟರೂ ರುಚಿಯೇ. ಒಮ್ಮೊಮ್ಮೆ ಒಂದು ವಿಚಾರ ಬಾಗಿಲ ತನಕ ಬಂದು ನಿಲ್ಲುತ್ತದೆ. ಒಳಗೆ ಬಾ ಎನ್ನಲು ಧೈರ್ಯವಿಲ್ಲದೆ, ಬಂದ ದಾರಿಯಲ್ಲೇ ಕಳಿಸುತ್ತೇನೆ. ನೀವು ರೊಟ್ಟಿ ಬಡಿಯುವಾಗ ಎಷ್ಟು ಬಿಸಿ ನೀರು ಹಾಕುತ್ತಿದ್ದಿರಿ, ಹಿಟ್ಟು ಎಷ್ಟು ನಾದುತ್ತಿದ್ದಿರಿ ಎಂದು ಕೇಳಬೇಕೆಂದಿದ್ದೆ. ಸುಮ್ಮನೆ ಕೇಳುವುದು. ಬೇರೆ ಕಾರಣವಿಲ್ಲ.

ಅಂತೂ ನಿಮ್ಮ ಮಾತಿನಂತೆ ಬೇಳೆ ಕುದ್ದಿದೆ, ವಾಸನೆ ಹೋಗಿದೆ, ಕಾಗದ ಬರೆದಿದ್ದೇನೆ, ಸಹಿಯೂ ಮಾಡುತ್ತೇನೆ. ಇನ್ನು ಮಾತು ಉಳಿಸಿಕೊಳ್ಳುವುದು ನಿಮ್ಮ ಪಾಳಿ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ತೊಟ್ಟಿಲು ಅಟ್ಟದಿಂದ ಇಳಿಸಿ ಒರೆಸಿದ್ದೇನೆ. ಎಳ್ಳಮಾಸಿ ಹಬ್ಬದ ಭಜ್ಜಿ ನಿಮ್ಮ ಕೈಯದೇ ಆಗಲಿ. ಸೌಭಾಗ್ಯನಿಗೆ ನನ್ನ ನೆನಪು, ಬೀಗರಿಗೆ ಶರಣು. ಕೂಸಿಗೆ ಹೆಸರಿಲ್ಲದ್ದರಿಂದ ಹೆಸರಿಲ್ಲದಷ್ಟು ಮುತ್ತು. ಈ ಕಾಗದವನ್ನು ರಾಜಾಸಾಬರ ಕೈಯಲ್ಲೇ ಕಳಿಸುತ್ತಿದ್ದೇನೆ, ಅವರಿಗೆ ಒಂದು ಊಟ ಹಾಕಿ ಕಳಿಸಿ. ಹಸಿವಿಲ್ಲ ಎನ್ನುತ್ತಾರೆ, ಪರೀಕ್ಷೆ ಮಾಡಿ ನೋಡಿ.

ನಿಮ್ಮ ಅಣ್ಣನ ಮಗಳು, ಉಳಿದ ಹೊತ್ತಿನಲ್ಲಿ ಸೊಸೆ,
ಬಸವೇಶ್ವರಿ

ತಾ.ಕ.: ರಾಜಾಸಾಬರು ಹಾರ್ನ್ ಹೊಡೆಯುತ್ತಿದ್ದಾರೆ, ನಿಂತೇ ಬರೆಯುತ್ತಿದ್ದೇನೆ. ಕಾಗದ ಅಂಟಿಸಲು ಹಿತ್ತಲಿಗೆ ಅಂಟು ಹುಡುಕಲು ಹೋದರೆ, ನಿಮ್ಮ ಮಗ ಟಾಕಿಯ ಬಾಯಿಯ ಹತ್ತಿರ ಕಳ್ಳನ ಹಾಗೆ ಬಗ್ಗಿ ನಿಂತಿದ್ದರು. ಕೈಯಲ್ಲಿ ಅವರದೇ ತಾಟು. ನಾನು ಬಡಿಸಿದ ರೊಟ್ಟಿ, ಪುಂಡಿಪಲ್ಯ, ಎಲ್ಲವನ್ನೂ ಒಳಗೆ ಸುರಿಯುತ್ತಿದ್ದರು. "ಹಸಿವಿಲ್ಲೇನ್ರಿ?" ಎಂದೆ. ಬೆಚ್ಚಿಬಿದ್ದು, "ನನಗಲ್ಲ ಬಸೂ, ಟಾಕಿಗಿ ಹಸಿವಾಗಿತ್ತು" ಎಂದರು. ಆ ತಾಟಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಅಗಿದೆ. ಇನ್ನೂ ಅಗಿಯುತ್ತಿದ್ದೇನೆ. ಅತ್ತೀ, ನಿಮ್ಮ ಬೇಳೆ ಕುದಿಸಿದ್ದು ಯಾರೂ ತಿನ್ನಲಾರದೆ ಬಿಟ್ಟ ನನ್ನ ರೊಟ್ಟಿ. ಮೇಲೆ ಬರೆದದ್ದನ್ನೆಲ್ಲ ಹರಿಯಲು ಹೊತ್ತಿಲ್ಲ, ಗೆದ್ದೆ ಎಂದಿರುವ ಕಡೆಯಲ್ಲೆಲ್ಲ ಸೋತೆ ಎಂದು ಓದಿಕೊಳ್ಳಿ. ಗುರುವಾರದವರಿಗೆ ಬರಬೇಡಿ ಎಂದು ಹೇಳುತ್ತೇನೆ. ನೀವು ಬನ್ನಿ, ಸೌಭಾಗ್ಯನನ್ನೂ ಕೂಸನ್ನೂ ಕರೆದುಕೊಂಡು ಬನ್ನಿ, ಬಂದು ಕಲ್ಲಿನ ಪಕ್ಕದ ಮಣೆಯ ಮೇಲೆ ಕೂಡಿ. ನನಗೆ ಹಿಟ್ಟು ನಾದುವುದು ಕಲಿಸಿ. ಟಾಕಿಗೆ ಸಿಪ್ಪೆ, ದಂಟು, ಕಾಯಿಪಲ್ಯ ಮಾರುವ ಚಮನಬೀಯ ಅಂಗಡಿಯ ಬಾಡಿದ ಸೊಪ್ಪು ಹಾಕುತ್ತೇನೆ. ಆ ಉರಿಯಲ್ಲಿ ಬೇಳೆ ಕುದಿಯದಿದ್ದರೆ ಬೇಡ, ಕೂಸಿಗೆ ಎರೆಯುವ ನೀರು ಕಾದರೆ ಸಾಕು.