ಬಿಸಿ ಆಯಿಲ್, ಹರಿಹರದ ಸೇತುವೆ

ಅಪ್ಪಾ,

ನೀನು ಹೋಗಿ ವರ್ಷ ಆತು. ಇವತ್ತು ನಿನ್ನ ಬೈಕಿನ ಆಯಿಲ್ ನಾನೇ ಬದಲಿಸಿದೆ.

ಹಳೇ ಆಯಿಲ್ ಬಿಸಿ ಆದ್ರೇನೇ ಪೂರ್ತಿ ಇಳಿತೈತೆ ಅಂತ, ಪ್ರತಿ ಸಲ ನನ್ನನ್ನ ಹಿಂದೆ ಕೂರಿಸ್ಕೊಂಡು ದಾವಣಗೆರೆಯಿಂದ ಹರಿಹರದ ಸೇತುವೆ ಮುಟ್ಟಿ ಬರ್ತಿದ್ದೆ ನೀನು. ಅದಕ್ಕೇ ನಾನೂ ಕೀ ತಗೊಂಡು ಹೊರಟೆ.

"ಅಷ್ಟು ದೂರ ಯಾಕ ಭವ್ಯಾ? ಮನೆ ಮುಂದೆ ಐದು ನಿಮಿಷ ಚಾಲು ಇಟ್ರೆ ಸಾಕು," ಅಂದ್ಲು ಅವ್ವ. "ನೀನು ಕಾಲೇಜು ಸೇರಿ, ಸೇತುವೆಗೆ ಬರಲ್ಲ ಅಂದಾಗಿಂದ ನಿಮ್ಮಪ್ಪ ಹಂಗೇ ಮಾಡ್ತಿದ್ರು."

ಐದೇ ನಿಮಿಷ. ಆಯಿಲ್ ನೀರಿನಂಗೆ ಇಳೀತು.

ಮಿಕ್ಕಿದ್ದನ್ನ ನಿನ್ನ ಕೈ ನೆನೆಸ್ಕೊಂಡೇ ಮಾಡಿದೆ. ನೀನು ಬೋಲ್ಟನ್ನ ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೇಲಿ ಮಾತ್ರ ಪಾನಾ ಹಾಕಿ ಒಂಚೂರು ಬಿಗೀತಿದ್ದೆ. ಗುತ್ತೂರಿನ ಫ್ಯಾಕ್ಟರಿಯಲ್ಲಿ ಇಡೀ ದಿನ ಕಬ್ಬಿಣ ಎತ್ತಿದ ಕೈ, ಇಲ್ಲಿ ಹೂ ಕಟ್ಟೋರ ಕೈಯಷ್ಟು ಹಗುರ. ಅಂಗಳಕ್ಕೆ ಒಂದು ಹನಿ ಬೀಳ್ತಿರಲಿಲ್ಲ. ನಾನು ಅರ್ಧ ಅಂಗಳ ಕಪ್ಪು ಮಾಡಿದೀನಿ.

ಎಲ್ಲಾ ಮುಗಿಸಿ, ಕೈ ತೊಳ್ಕೊಂಡು, ಗಾಡಿ ಚಾಲು ಮಾಡಿದೆ.

"ಹತ್ತವ್ವಾ, ಹರಿಹರದ ಸೇತುವೆ ಮುಟ್ಟಿ ಬರಾಣ."

"ಈಗ್ಯಾಕ?"

"ಹೊಸ ಆಯಿಲ್ ಹಾಕಿದ ಮ್ಯಾಲೆ ಅಷ್ಟು ದೂರ ಓಡಿಸ್ಲೇಬೇಕಂತೆ," ಅಂದೆ.