ಬಿಡು ಎಂದಾಗ

ಏಪ್ರಿಲ್ 4, ಶನಿವಾರ, ಬೆಳಿಗ್ಗೆ

ಮತ್ತೆ ಹಜಾರದಲ್ಲಿ ನೀರು. ಬಕೆಟ್ ಇಟ್ಟ ಕಡೆ ಬೀಳದೆ ಗೇಣು ಆಚೆ ಬೀಳುತ್ತಿದೆ. ಈ ಸೋರಿಕೆಗೂ ನನ್ನ ಮೇಲೆ ಹಟ. ಬಕೆಟ್ ಸರಿಸಿದೆ, ನೆಲ ಒರೆಸಿದೆ. ಊರಿನವರ ಚಾವಣಿಯೆಲ್ಲ ಸರಿ ಮಾಡಿಕೊಡುವವನ ಮನೆಯಲ್ಲೇ ಬಕೆಟ್ ಎಂದು ಪಕ್ಕದ ಮನೆಯವರು ನಗುತ್ತಾರೆ. ನಗಲಿ. ನಾನೂ ನನ್ನ ಹೆಂಡತಿಯೂ ನಕ್ಕಿದ್ದೇವೆ. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ಹೋಯಿತು. ತಿಂಗಳುಗಳಿಗೆ ಬರವಿಲ್ಲ ಅಂದುಕೊಂಡಿದ್ದೆವು.

ಮನೆ ಅತ್ತೆಯದು. ನಾನು ಮನೆ ಅಳಿಯ. ಅವಳಿದ್ದಾಗ ಆ ಮಾತಿಗೆ ಅರ್ಥವಿತ್ತು. ಮಗಳೇ ಇಲ್ಲದ ಮನೆಯಲ್ಲಿ ಅಳಿಯ ಎಂದರೆ ಏನು? ಬೀಳ್ಕೊಡಲು ಮರೆತ ನೆಂಟ, ಅಷ್ಟೆ.

ಅತ್ತೆ ಬಾಗಿಲಲ್ಲಿ ನಿಂತು ಗೋಡೆಗೆ ಹೇಳಿದರು — "ತಿಂಡಿ ಟೇಬಲ್ ಮೇಲಿದೆ." ಅವಳಿಲ್ಲದೆ ಆಸ್ಪತ್ರೆಯಿಂದ ಬಂದ ಮೇಲೆ ಹೀಗೇ. ಮೊದಲೆಲ್ಲ 'ನೀವು ತಿಂದ್ರಾ' ಎಂದು ವಿಚಾರಿಸುತ್ತಿದ್ದವರು. ಈಗ ತಿಂಡಿ ಇದೆ. ನೀರು ಕಾದಿದೆ. ಬಾಗಿಲು ಹಾಕಬಹುದು. ಯಾರಿಗೆ ಇದೆ, ಯಾರು ಹಾಕಬೇಕು ಎಂಬುದಿಲ್ಲ. ನನ್ನನ್ನು ಮುಟ್ಟದೆ ನನ್ನ ಜತೆ ಮಾತಾಡುವುದು ಅವರಿಗೆ ಚೆನ್ನಾಗಿ ಅಭ್ಯಾಸವಾಗಿದೆ. ನಾನೂ ಅವಳೂ ಸೇರಿ ಅವರಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದೆವು. ಇನ್‌ಸ್ಪೆಕ್ಟರ್ ಆದರೆ ಬೈಯುತ್ತಾರೆ. ಇವರು ಬೈಯುವುದೂ ಇಲ್ಲ.

ತೀರ್ಮಾನ ಮಾಡಿದ್ದೇನೆ. ದೊಡ್ಡ ಮಳೆ ಬರುವ ಮೊದಲು ಚಾವಣಿ ಪೂರ್ತಿ ಬಿಚ್ಚುವುದು. ಕೆಳಗೆ ನೀರು ತಡೆಯುವ ಮೆಂಬ್ರೇನ್ ಹಾಳೆ ಹಾಸಿ ಮೇಲೆ ಹೊಸ ಶಿಂಗಲ್ ಬಿಲ್ಲೆ ಹೊದಿಸುವುದು. ಆಮೇಲೆ ಬ್ಯಾಗ್ ಹೆಗಲಿಗೆ ಹಾಕಿ ಹೊರಡುವುದು. ಹೊರಡುವ ಮೊದಲು ಅವರ ಬಾಯಲ್ಲಿ ಒಂದೇ ಒಂದು ಸಲ 'ನೀವು' ಎನಿಸಿಕೊಳ್ಳಬೇಕು. ಬೇರೇನೂ ಬೇಡ.

ಏಪ್ರಿಲ್ 6, ಸೋಮವಾರ

ಬಡಗಿ ಬಂದ. ಹಳೇ ಗೆಳೆಯ, ಬಾಯಿ ಮುಚ್ಚದ ಮನುಷ್ಯ. ಇಬ್ಬರೂ ಸೇರಿ ಮುಂಭಾಗದ ಹಳೇ ಶಿಂಗಲ್ ಕಿತ್ತೆವು. ಕೆಳಗಿನ ಹಲಗೆ ಹಜಾರದ ನೇರಕ್ಕೆ ಕಪ್ಪಾಗಿ ಕೊಳೆತಿದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಎಷ್ಟು ಕಾಲದಿಂದ ಒಳಗೊಳಗೇ ನೆನೆಯುತ್ತಿತ್ತೋ. ಹೊರಗಿನಿಂದ ಏನೂ ಕಾಣಿಸುತ್ತಿರಲಿಲ್ಲ. ಹೊಸ ಹಲಗೆ ಕೂರಿಸಿದ.

ರೋಲ್‌ಗಳು ಬಂದಿವೆ. ಹಿಂಬದಿಯಲ್ಲೇ ಅಂಟು ಇರುವ ಮೆಂಬ್ರೇನ್ ಹಾಳೆ. ಅಂಟಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಫಿಲ್ಮ್. ಸುಲಿದು ಹಲಗೆಗೆ ತಾಗಿಸಿದರೆ ಮುಗಿಯಿತು, ಮತ್ತೆ ಏಳುವುದಿಲ್ಲ. ಅಂಟಿಗೆ ಅಂಟು ತಾಗಿದರಂತೂ ಆ ಹಾಳೆಯನ್ನು ಎಸೆಯುವುದೇ.

ಅದಕ್ಕೇ ಇಬ್ಬರು ಬೇಕು. ಅವಳಿದ್ದಾಗ ನಾನು ಮೇಲೆ, ಅವಳು ಕೆಳಗೆ. ಹಾಳೆಯ ಕೆಳ ಅರ್ಧವನ್ನು ಮಡಚಿ ನಾನು ಬಿಗಿಯಾಗಿ ಹಿಡಿಯುವುದು, ಅವಳು ಫಿಲ್ಮನ್ನು ಉದ್ದಕ್ಕೂ ಸುಲಿಯುತ್ತ ಹೋಗುವುದು. ತುದಿ ಕಳಚಿತೋ ಇಲ್ಲವೋ ನನಗೆ ಕಾಣುವುದಿಲ್ಲ. ಕಳಚಿದ ತಕ್ಷಣ ಅವಳು 'ಬಿಡು' ಎನ್ನುವಳು. ನಾನು ಬಿಡುವೆ. ಹಾಳೆ ಸರಿಯಾಗಿ ಜಾಗಕ್ಕೆ ಬೀಳುವುದು. ಮದುವೆಯಾದಾಗಿನಿಂದ ಇದೇ ಕೆಲಸ, ಇದೇ ಮಾತು. ಯೋಚಿಸಿ ಬಿಡುತ್ತಿರಲಿಲ್ಲ. ಅವಳ ಮಾತು ಸೀದಾ ಕೈಗೇ ಕೇಳಿಸುತ್ತಿತ್ತು.

ಅಮ್ಮನ ಎದುರು ನನಗೆ ಬಲು ಮರ್ಯಾದೆ. 'ನೀವು ಬನ್ನಿ, ನೀವು ಕೂತ್ಕೊಳ್ಳಿ.' ಏಣಿ ಹತ್ತಿದ ಕೂಡಲೇ 'ಏಯ್, ಸರಿಯಾಗಿ ಹಿಡಿ ಅದನ್ನ.' ಏಣಿಯ ಯಾವ ಮೆಟ್ಟಿಲಲ್ಲಿ ನನ್ನ ಮರ್ಯಾದೆ ಬಿದ್ದುಹೋಗುತ್ತದೆ ಎಂದು ಕೇಳುತ್ತಿದ್ದೆ. ಎಷ್ಟು ನಗುತ್ತಿದ್ದಳು.

ಏಪ್ರಿಲ್ 8, ಬುಧವಾರ

ಹಾಸುವ ಕೆಲಸ ಶುರು. ಸೂರಿನ ಅಂಚಿನಿಂದ ಮೇಲಕ್ಕೆ. ಮೇಲಿನ ಹಾಳೆ ಕೆಳಗಿನದರ ಮೇಲೆ ಬರಬೇಕು, ತಿರುಗುಮುರುಗಾದರೆ ನೀರಿಗೆ ನಾವೇ ಬಾಗಿಲು ತೆರೆದ ಹಾಗೆ. ಫಿಲ್ಮ್ ಸುಲಿದ ಮೇಲೆ 'ಓಕೆ' ಅನ್ನು ಎಂದು ಬಡಗಿಗೆ ಹೇಳಿಕೊಟ್ಟಿದ್ದೆ. ಚೆನ್ನಾಗೇ ನಡೆಯಿತು. ಮಧ್ಯಾಹ್ನ ಫಿಲ್ಮ್ ಅರ್ಧದಲ್ಲಿ ಹರಿಯಿತು. ಉಳಿದ ಚೂರನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಬ್ಲೇಡ್ ಕೊಡಲಾ ಎಂದೆ.

"ಅಯ್ಯೋ ಬಿಡು, ಬಂದೇ ಬರುತ್ತೆ" ಎಂದ.

ಕೈ ಬಿಟ್ಟಿತು. ಹಾಳೆ ಡೊಂಕಾಗಿ ಬಿದ್ದು, ತನಗೆ ತಾನೇ ಅಂಟಿಕೊಂಡು, ಮುದ್ದೆಯಾಯಿತು. ಬಡಗಿ ಹೊಟ್ಟೆ ಹಿಡಿದು ನಕ್ಕ. ನಾನಂದ ಬಿಡು ಆ ಬಿಡು ಅಲ್ಲವೋ, ಇರಲಿ ಬಿಡು ಅನ್ನೋ ಬಿಡು ಎಂದ. ನಾನೂ ನಗಲು ಹೋದೆ. ಆಗಲಿಲ್ಲ. ಇಳಿದು ಶೆಡ್ಡಿನ ಹಿಂದೆ ನಿಂತೆ. ಕೈಗಳನ್ನೇ ನೋಡುತ್ತ ನಿಂತೆ. ಹೇಳಿದ ಹಾಗೆ ಕೇಳುವ ಕೈಗಳು. ಯಾರು ಹೇಳಿದರು, ಯಾವಾಗ, ಯಾತಕ್ಕೆ — ಅವಕ್ಕೆ ಬೇಕಿಲ್ಲ.

ಏಪ್ರಿಲ್ 9, ಗುರುವಾರ, ಸಂಜೆ

ಅತ್ತಿಗೆ ಫೋನ್ ಮಾಡಿದ್ದರು. ಅವಳ ಅಕ್ಕ, ದೂರದಲ್ಲಿರುವವರು. ಅದೂ ಇದೂ ಮಾತಾಡಿ, ತಡೆದು ತಡೆದು, ಕೊನೆಗೆ ಕೇಳಿಯೇಬಿಟ್ಟರು.

"ಅಮ್ಮ ಒಂದು ಮಾತು ಅಂದ್ರು. ಬೇಜಾರು ಮಾಡ್ಕೋಬೇಡಿ. ಕೊನೇಲಿ ನೀವು ಅವಳ ಕೈ ಬಿಟ್ರಂತೆ."

ಕೈ ಬಿಡುವುದು. ಎಂಥ ಮಾತು. ನಡುನೀರಿನಲ್ಲಿ ಬಿಟ್ಟುಹೋಗುವವರಿಗೆ ಅನ್ನುವ ಮಾತು. ಹೌದು, ಬಿಟ್ಟೆ ಎಂದೆ. ಬೇರೆ ಏನು ಹೇಳಲಿ?

ಬರೆದಾದರೂ ಬಿಡುತ್ತೇನೆ. ಜ್ವರ ಎಂದು ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು, ರಕ್ತಕ್ಕೆ ನಂಜು ಏರಿದೆ ಎಂದರು. ಅವಳ ಎಡಗೈ ನನ್ನ ಕೈಯಲ್ಲಿತ್ತು, ಬಲಗೈ ಅತ್ತೆಯ ಕೈಯಲ್ಲಿ. ಅವಳು ಕಣ್ಣು ತೆರೆಯಲಿಲ್ಲ. 'ಬಿಡು' ಎಂದಳು. ದನಿ ಸಣ್ಣದು, ಆದರೆ ಸ್ಪಷ್ಟ. ಸೂರಿನ ಮೇಲೆ ಅನ್ನುತ್ತಿದ್ದ ಹಾಗೇ. ನನ್ನ ಕೈ ಬಿಟ್ಟಿತು. ಮತ್ತೆ ಹಿಡಿದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ. ಮಂಚದಂಚಿನಲ್ಲಿ ಖಾಲಿ ಬಿದ್ದಿದ್ದ ನನ್ನ ಕೈಯನ್ನು ನೋಡಿದರು. ಈಗಲೂ ಬಟ್ಟಲು ಕೊಡುವಾಗ ಕೈಗೆ ಕೊಡುವುದಿಲ್ಲ, ಟೇಬಲ್ ಮೇಲೆ ಇಡುತ್ತಾರೆ.

ಅದು ಕೆಲಸದ ಮಾತು ಅತ್ತೆ, ಕೇಳಿದರೆ ಕೈ ತಾನೇ ಬಿಡುತ್ತದೆ — ಎಂದು ಹೇಳಿದರೆ ಯಾರು ನಂಬುತ್ತಾರೆ? ಹೆಂಡತಿಯ ಕೈಯೂ ರೋಲಿನ ಹಾಳೆಯೂ ಒಂದೇನಾ ಎಂದರೆ —

ಏಪ್ರಿಲ್ 14, ಮಂಗಳವಾರ

ಮುಂಭಾಗ ಮುಗಿದು ಶಿಂಗಲ್ ಕೂಡ ಹೊದಿಸಿದ್ದಾಯಿತು. ಬರೆಯಲು ಮನಸ್ಸಾಗಿರಲಿಲ್ಲ.

ಹಿಂದಿನದು ಉಳಿದಿದೆ, ಅಡುಗೆಮನೆಯ ಮೇಲಿನದು. ತಗ್ಗು ಸೂರು, ಬೆಂಚು ಹಾಕಿ ನಿಂತರೆ ಅಂಚು ಎದೆಮಟ್ಟಕ್ಕೆ ಬರುತ್ತದೆ. ಹಲಗೆ ಬೋಳಾಗಿ ನಿಂತಿದೆ. ಬಡಗಿ ಸೊಂಟ ಹಿಡಿದುಕೊಂಡು ಮಲಗಿದ್ದಾನಂತೆ. ನಾಳೆ ಮಳೆ ಎಂದು ರೇಡಿಯೋ ಹೇಳುತ್ತಿದೆ. ಒಬ್ಬನೇ ಒಂದು ಹಾಳೆ ಹಾಸಲು ನೋಡಿದೆ. ಮುದ್ದೆ.

ಬ್ಯಾಗ್ ಕೆಳಗಿಳಿಸಿ ಧೂಳು ಹೊಡೆದೆ. ಅತ್ತೆ ನೋಡಿದರು. "ಆ ಬ್ಯಾಗಿನ ಜಿಪ್ ಹೋಗಿದೆ" ಎಂದು ಕಿಟಕಿಗೆ ಹೇಳಿದರು.

ಏಪ್ರಿಲ್ 15, ಬುಧವಾರ, ಸಂಜೆ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆಯಿಂದ ಮೋಡ. ಮಧ್ಯಾಹ್ನ ಅಂಚಿನ ಹಾಳೆಯ ಮೇಲರ್ಧ ಹೇಗೋ ಅಂಟಿಸಿ, ಕೆಳ ಅರ್ಧ ಮಡಚಿ ಹಿಡಿದು ಕೂತಿದ್ದೆ. ಹಿಡಿದರೆ ಸುಲಿಯಲಾರೆ, ಸುಲಿದರೆ ಹಿಡಿಯಲಾರೆ. ಅತ್ತೆ ಹೊರಗೆ ಬಂದರು. ಬೆಂಚು ಎಳೆದು ಹಾಕಿ, ಗೋಡೆ ಹಿಡಿದು ಹತ್ತಿದರು. ಕೈಯಲ್ಲಿ ಅವಳ ಗ್ಲೌಸ್. ಬೀಳುತ್ತೀರಿ ಅತ್ತೆ, ಬೇಡ ಎಂದೆ. ಒಬ್ಬರಿಂದ ಆಗುವ ಕೆಲಸ ಅಲ್ಲ ಇದು ಎಂದು ಸೂರಿಗೆ ಹೇಳಿದರು. ಹೇಳಿ, ಫಿಲ್ಮಿನ ತುದಿ ಎಬ್ಬಿಸಿದರು. ಮಗಳ ಕೈಯದೇ ಚುರುಕು.

"ಸುಲಿದಾದ ಮೇಲೆ ಹೇಗೆ ಹೇಳ್ಬೇಕು?"

ಓಕೆ ಅನ್ನಿ ಎಂದೆ.

"ಅವಳು ಓಕೆ ಅಂತಿದ್ಲಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಹೇಳಿದೆ — "ಬಿಡು ಅಂತಿದ್ಲು."

ಅವರ ಕೈ ನಿಂತಿತು. ಅರ್ಧ ಸುಲಿದ ಫಿಲ್ಮ್ ಗಾಳಿಗೆ ಪಟಪಟ ಎನ್ನುತ್ತಿತ್ತು.

"ನಿಮ್ಮನ್ನ ಅವಳು ನೀವು ಅಂತ ತಾನೇ ಕರೀತಿದ್ದಿದ್ದು."

ಕೊನೆಗೂ 'ನೀವು' ಎಂದರು. ಇಷ್ಟು ದಿನ ಕಾದಿದ್ದೆ, ಸಂತೋಷಪಡಲು ಹೊತ್ತಿರಲಿಲ್ಲ. ನಿಮ್ಮೆದುರಿಗೆ ಮಾತ್ರ ನೀವು, ಸೂರಿನ ಮೇಲೆ ನೀನು ಎಂದೆ. ಫಿಲ್ಮ್ ಕಳಚಿದ ಮೇಲೆ ಪ್ರತಿ ಸಲವೂ ಅದೇ ಮಾತು, ಕೇಳಿದ ಕೂಡಲೇ ನನ್ನ ಕೈ ಬಿಡುತ್ತಿತ್ತು, ಅವತ್ತೂ ಹಾಗೇ ಬಿಟ್ಟಿತು ಎಂದೆ. ಎಲ್ಲ ಹೇಳಿದೆ. ಹಾಳೆ ಹಿಡಿದುಕೊಂಡೇ ಹೇಳಿದೆ.

ಅವರು ಮೆಲ್ಲಗೆ ಅಂದರು — "ನಂಗೆ ಅಂದ್ಲು ಅಂದ್ಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ.

"ನಿಮ್ಮನ್ನ ಏಕವಚನದಲ್ಲಿ ಕರೆದಿದ್ದು ನಾನು ಕೇಳೇ ಇಲ್ವಲ್ಲ. ಬಿಡು ಅಂದ್ರೆ ಅಮ್ಮಂಗೇ ಅಂದಿದ್ದು ಅಂದ್ಕೊಂಡೆ. ನಾನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಗೊತ್ತಾ, ಅದೇ ಕೈಯಲ್ಲಿ ಸೂಜಿ ಇತ್ತು. ಮಗು ನೋವಾಗಿ ಬಿಡು ಅಂತು. ನಾನು ಬಿಡ್ಲಿಲ್ಲ. ಈ ಕಡೆ ನೋಡಿದ್ರೆ ನಿಮ್ಮ ಕೈ ಖಾಲಿ. ನಂಗೆ ಅಂದಿದ್ದನ್ನ ನೀವು ಕೇಳಿದ್ರಿ. ನಾನು ಕೇಳ್ಲಿಲ್ಲ."

ಇಷ್ಟು ದಿನ ಅವರು ಸಿಟ್ಟಾಗಿದ್ದು ನನ್ನ ಮೇಲಷ್ಟೇ ಅಲ್ಲ. ನನ್ನ ಖಾಲಿ ಕೈ ನೋಡಿದಾಗೆಲ್ಲ ಅವರಿಗೆ ತಮ್ಮ ಮುಷ್ಟಿ ನೆನಪಾಗುತ್ತಿತ್ತು. ಒಂದೇ ಮಾತನ್ನು ಇಬ್ಬರೂ ಎದೆಯಲ್ಲಿಟ್ಟುಕೊಂಡು, ಒಂದೇ ಟೇಬಲ್ಲಿನಲ್ಲಿ ಉಂಡೆವು.

ಮೊದಲ ಹನಿ ಬಿತ್ತು. ಅತ್ತೆ ಮೂಗೊರೆಸಿಕೊಂಡು ಉಳಿದ ಫಿಲ್ಮನ್ನು ತುದಿಯವರೆಗೂ ಎಳೆದರು. "ಬಿಡಿ" ಎಂದರು.

ಕೈ ಬಿಡಲಿಲ್ಲ. ಬಿಡಬೇಕೆಂದುಕೊಂಡೆ, ಬೆರಳು ಬಿಚ್ಚಲಿಲ್ಲ. ಇನ್ನೊಮ್ಮೆ "ಬಿಡೀಂದ್ರೆ" ಎಂದರು. ಕೈಗೆ ಆ ಮಾತು ಗೊತ್ತಿಲ್ಲ ಅತ್ತೆ ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಸ್ಪತ್ರೆಯ ಆ ದಿನದ ನಂತರ ಮೊದಲ ಸಲ, ಮುಖಕ್ಕೆ ಮುಖ ಕೊಟ್ಟು.

"ಬಿಡು" ಎಂದರು.

ಅವಳದೇ ದನಿ. ಇಬ್ಬರ ದನಿ ಒಂದೇ ಎಂದು ಇಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ. ಹಾಳೆ ಇಳಿದು, ಗೆರೆ ಎಳೆದ ಹಾಗೆ ಅಂಚಿಗೆ ಕೂತಿತು. ಅತ್ತೆ ಅಂಗೈಯಿಂದ ತೀಡುತ್ತ ಬಂದರು, ನಾನು ಆ ಕಡೆಯಿಂದ ತೀಡುತ್ತ ಬಂದೆ. ನಡುವೆ ಕೈಗೆ ಕೈ ತಾಗಿತು. ಗ್ಲೌಸ್ ಕಳಚಿದರು. ಅಂಟು ಮೆತ್ತಿದ ನನ್ನ ಕೈಯನ್ನು ಹಿಡಿದುಕೊಂಡರು. ನಾನು ಸೂರಿನ ಮೇಲೆ ಮಂಡಿಯೂರಿ, ಅವರು ಬೆಂಚಿನ ಮೇಲೆ ನಿಂತು, ಮಳೆಯಲ್ಲಿ ಅತ್ತೆವು. ಪಕ್ಕದ ಮನೆಯವರು ನೋಡಿದ್ದರೆ ನೋಡಲಿ.

ಉಳಿದ ಹಾಳೆಗಳನ್ನು ಒರೆಸಿ ಒರೆಸಿ ಹಾಸಿದ್ದಾಯಿತು, ನೆನೆದ ಜಾಗದ ಮೇಲೆ ಟಾರ್ಪಾಲು. ಅತ್ತೆ ಕೆಳಗಿನಿಂದ ಉದ್ದ ಕೋಲಿಗೆ ಬಟ್ಟೆ ಸುತ್ತಿ ಕೊಟ್ಟರು. ಇನ್‌ಸ್ಪೆಕ್ಟರ್ ಕೆಲಸಕ್ಕೆ ವಾಪಸು ಬಂದಿದ್ದಾರೆ. ಬಯ್ದರು ಕೂಡ.

ಏಪ್ರಿಲ್ 16, ಗುರುವಾರ

ಬೆಳಗಾದರೂ ಮಳೆ ನಿಂತಿಲ್ಲ. ಹಜಾರದಲ್ಲಿ ಬಕೆಟ್ ಒಣಗಿದೆ. ನಾನೂ ಅತ್ತೆಯೂ ಅದರ ಎರಡೂ ಕಡೆ ಕುರ್ಚಿ ಹಾಕಿಕೊಂಡು ಕೂತು ಮೇಲೆ ನೋಡಿದೆವು. ಒಂದು ಹನಿಯೂ ಬೀಳಲಿಲ್ಲ. ಅವಳಿದ್ದಿದ್ದರೆ ಇಬ್ಬರನ್ನೂ ಆಡಿಕೊಂಡು ನಗುತ್ತಿದ್ದಳು.

ಹಿಂಭಾಗಕ್ಕೆ ಶಿಂಗಲ್ ಯಾವಾಗ ಎಂದು ಕೇಳಿದರು. ಬಿಸಿಲು ಬಂದ ಮೇಲೆ, ಬೇಗ ಮುಗಿಸಿಬಿಡುತ್ತೇನೆ ಎಂದೆ. "ಅವಸರ ಏನಿದೆ, ನಿಧಾನಕ್ಕೆ ಹಾಕು" ಎಂದರು. ಬ್ಯಾಗನ್ನು ಅವರೇ ಅಟ್ಟಕ್ಕೆ ಎಸೆದಿದ್ದಾರೆ. ಜಿಪ್ ಇಲ್ಲದ ಬ್ಯಾಗು ಹಿಡಿದು ಯಾರಾದರೂ ಊರು ಬಿಡುತ್ತಾರಾ ಎಂದು ಕೇಳಿದರು. ಬಟ್ಟಲನ್ನು ಕೈಗೇ ಕೊಟ್ಟರು.

ಅವಳು ಅಂದದ್ದು ಯಾರಿಗೆ ಎಂದು ಮತ್ತೆ ಮಾತು ಬಂತು. ಇಬ್ಬರಿಗೂ ಅಂದಳು ಅಂತ ಇಟ್ಟುಕೋ ಎಂದರು ಅತ್ತೆ. ಒಬ್ಬರಾದರೂ ಮಾತು ಕೇಳಿದೆವು, ಒಬ್ಬರಾದರೂ ಹಿಡಿದಿದ್ದೆವು. ಹೌದೆಂದೆ. ಅವರಿಗೆ ಸಮಾಧಾನವಾದರೆ ಆಗಲಿ. ನನಗೆ ಆಗುತ್ತಿಲ್ಲ. ಬೆಚ್ಚಗಿತ್ತು ಅವಳ ಕೈ. ಕಿರುಬೆರಳು ನನ್ನ ಬೆರಳಿಗೆ ಕೊಂಡಿ ಹಾಕಿಕೊಂಡಿತ್ತು, ಮಲಗುವಾಗ ಹಾಕುವ ಹಾಗೆ. ನಾನು ಬಿಟ್ಟಾಗ ಆ ಬೆರಳು ಮಾತ್ರ ಬಿಟ್ಟಿರಲಿಲ್ಲ, ಈಗ ನೆನಪಾಗುತ್ತಿದೆ, ಅದನ್ನು ನಾನೇ ಎಳೆದು ಬಿಡಿಸಿ —